ಫೈರ್ ಎಂಜಿನ್ ಕೊಂಡುಕೊಟ್ಟ ಹೆಂಗಸರು

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಹೋಗಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ಐದು ತಿಂಗಳು ಇದ್ದು ಬಂದೆ. ಅಲ್ಲಿನ ಅಗ್ನಿಶಾಮಕ ಠಾಣೆಯ ಮುಂದೆ ‘ಲೇಡೀಸ್ ಆಕ್ಸಿಲಿಯರಿಯವರಿಂದ ಭಾನುವಾರ ಚಿಕನ್ ಬಾರ್ಬೆಕ್ಯೂ’ ಎಂಬ ಫಲಕವನ್ನು ನೋಡಿ ಬೆರಗಾದೆ. ಬೆಂಕಿ ಆರಿಸುವ ಇಲಾಖೆಗೂ ಊಟ ಮಾರುವುದಕ್ಕೂ ಏನು ಸಂಬಂಧ? ಅಷ್ಟು ಸಿರಿವಂತ ದೇಶದಲ್ಲಿ ಫೈರ್ ಎಂಜಿನ್ನಿಗಾಗಿ ಹೆಂಗಸರು ಅಡುಗೆ ಮಾಡಿ ಹಣ ಕೂಡಿಸಬೇಕೆ? ಈ ಸಂಘಗಳ ಹಿನ್ನೆಲೆಯನ್ನು ತಿಳಿಸುವಿರಾ? ಇನ್ನೊಂದು ಸಣ್ಣ ಪ್ರಶ್ನೆ: ಮುಂದಿನ ಬೇಸಿಗೆಗೆ ಮತ್ತೆ ಹೋಗುವವಳಿದ್ದೇನೆ, ನಮ್ಮಂಥ ಸಸ್ಯಾಹಾರಿಗಳು ಆ ಊಟಗಳಿಗೆ ಹೋಗಬಹುದೆ?
— ಓದುಗರೊಬ್ಬರು, ಶಿರಸಿ

ಉತ್ತರ: ತಾವು ‘ಇಲಾಖೆ’ ಎಂದು ಬರೆದಿದ್ದೀರಿ, ಗೊಂದಲದ ಬೇರು ಆ ಪದದಲ್ಲಿಯೇ ಇದೆ. ತಾವು ನೋಡಿದ್ದು ಸರ್ಕಾರದ ಇಲಾಖೆಯಲ್ಲ, ಊರವರು ಕಟ್ಟಿಕೊಂಡ ಒಂದು ಸಂಘ; ಲೇಡೀಸ್ ಆಕ್ಸಿಲಿಯರಿ ಎಂಬುದು ಅದಕ್ಕೆ ನೆರವಾಗುವ ಹೆಂಗಸರ ಸಂಘ. ಅಮೆರಿಕದಲ್ಲಿ 2020ರ ಲೆಕ್ಕದಂತೆ ಸುಮಾರು 10 ಲಕ್ಷ 41 ಸಾವಿರ ಅಗ್ನಿಶಾಮಕ ಸಿಬ್ಬಂದಿಯಿದ್ದರು. ಅವರಲ್ಲಿ ಸುಮಾರು 6 ಲಕ್ಷ 77 ಸಾವಿರ ಮಂದಿ, ಅಂದರೆ ನೂರಕ್ಕೆ ಅರವತ್ತೈದು ಮಂದಿ, ಸ್ವಯಂಸೇವಕರು. ದೊಡ್ಡ ನಗರಗಳಲ್ಲಿ ಸಂಬಳದ ದಳಗಳಿವೆ; ಸಣ್ಣ ಊರುಗಳಲ್ಲಿ ಹಗಲು ಗ್ಯಾರೇಜಿನಲ್ಲಿಯೋ ಶಾಲೆಯಲ್ಲಿಯೋ ಹೊಲದಲ್ಲಿಯೋ ದುಡಿಯುವವರೇ ಸೈರನ್ ಕೂಗಿದೊಡನೆ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಠಾಣೆಗೆ ಓಡುತ್ತಾರೆ.

ಈ ಪದ್ಧತಿಗೆ ಮೂರು ಶತಮಾನಗಳಿಗೆ ಹತ್ತಿರ ಹತ್ತಿರದ ಇತಿಹಾಸವಿದೆ. 1736ರ ಡಿಸೆಂಬರ್‌ನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾ ನಗರದಲ್ಲಿ ಸುಮಾರು ಮೂವತ್ತು ಮಂದಿಯನ್ನು ಸೇರಿಸಿ ‘ಯೂನಿಯನ್ ಫೈರ್ ಕಂಪನಿ’ಯನ್ನು ಕಟ್ಟಿದನು. ನೀರು ಹೊಯ್ಯಲು ಚರ್ಮದ ಬಕೆಟುಗಳನ್ನೂ ಉರಿಯುವ ಮನೆಯಿಂದ ಸಾಮಾನು ಹೊರತರಲು ಚೀಲಗಳನ್ನೂ ಪ್ರತಿಯೊಬ್ಬ ಸದಸ್ಯನೂ ತನ್ನ ಖರ್ಚಿನಲ್ಲಿಯೇ ಸಿದ್ಧವಾಗಿ ಇಟ್ಟುಕೊಳ್ಳಬೇಕಿತ್ತು. ಮುಂದೆ ಉಗಿಯ ಪಂಪುಗಳು ಬಂದು ಕೈಪಂಪು ಒತ್ತಲು ಹತ್ತಾರು ಜನರು ಬೇಕೆಂಬ ಸ್ಥಿತಿ ಹೋದ ಮೇಲೆ, 1853ರಲ್ಲಿ ಸಿನ್ಸಿನಾಟಿ, 1865ರಲ್ಲಿ ನ್ಯೂಯಾರ್ಕ್ ಹೀಗೆ ದೊಡ್ಡ ನಗರಗಳು ಸಂಬಳದ ದಳಗಳನ್ನು ಇರಿಸಿಕೊಂಡವು. ಹಳ್ಳಿಗಳೂ ಪೇಟೆಗಳೂ ಹಳೆಯ ದಾರಿಯಲ್ಲಿಯೇ ಉಳಿದವು.

ಹೆಂಗಸರು ಈ ಕಥೆಯೊಳಗೆ ಬಂದುದು ಮೊದಲು ಅಲಂಕಾರಕ್ಕೆ. 19ನೆಯ ಶತಮಾನದ ನಡುವಿನಲ್ಲಿ ಊರಿನ ಮಹಿಳೆಯರು ದಳಕ್ಕೆ ರೇಷ್ಮೆಯ ಧ್ವಜವನ್ನು ಹೊಲಿದು ಅರ್ಪಿಸುವುದು, ನಾಯಕನಿಗೆ ಬೆಳ್ಳಿಯ ಕಹಳೆ ಕೊಡುವುದು, ಅಗ್ನಿಶಾಮಕರ ವಾರ್ಷಿಕ ನೃತ್ಯಕೂಟಕ್ಕೆ ಸಭಾಂಗಣ ಸಿಂಗರಿಸುವುದು ನಡೆಯುತ್ತಿತ್ತು. ಇವು ಸಮಾರಂಭಗಳೇ ಹೊರತು ಸಂಘಟನೆಯಲ್ಲ. ಸಂಘಟನೆಯಾದದ್ದು ಆ ಶತಮಾನದ ಕೊನೆ ಮತ್ತು 20ನೆಯ ಶತಮಾನದ ಮೊದಲ ಕೆಲವು ದಶಕಗಳಲ್ಲಿ, ಮತ್ತು ಅದಕ್ಕೆ ಎರಡು ಕಾರಣಗಳನ್ನು ಗುರುತಿಸಬಹುದು. ಅಂತರ್ಯುದ್ಧದ ನಿವೃತ್ತ ಸೈನಿಕರ ಸಂಸ್ಥೆಗೆ ಜೊತೆಯಾಗಿ 1883ರಲ್ಲಿ ‘ವುಮನ್ಸ್ ರಿಲೀಫ್ ಕೋರ್’ ಹುಟ್ಟಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರಲ್ಲಿ ‘ಅಮೆರಿಕನ್ ಲೀಜನ್ ಆಕ್ಸಿಲಿಯರಿ’ ಬಂತು. ಗಂಡಸರ ಸಂಸ್ಥೆಯ ಪಕ್ಕದಲ್ಲಿ ಸ್ವಂತ ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿಯಿರುವ ಹೆಂಗಸರ ಸಂಸ್ಥೆ ಎಂಬ ಮಾದರಿ ಹೀಗೆ ಎಲ್ಲರ ಕಣ್ಣೆದುರಿಗೇ ಇತ್ತು. ಎರಡನೆಯ ಕಾರಣ ಅದಕ್ಕಿಂತ ಸರಳ: ಕುದುರೆ ಎಳೆಯುತ್ತಿದ್ದ ಗಾಡಿಯ ಜಾಗಕ್ಕೆ ಮೋಟಾರು ಎಂಜಿನ್ ಬಂತು, ಅದಕ್ಕೆ ತೆರಬೇಕಾದ ಹಣ ಸದಸ್ಯರ ಜೇಬಿನಿಂದ ಹುಟ್ಟುವಂಥದ್ದಾಗಿರಲಿಲ್ಲ.

ಆ ಹಣವನ್ನು ಹೆಂಗಸರು ಹುಟ್ಟಿಸಿದರು. ಚರ್ಚಿನ ಸಂಘಗಳಲ್ಲಿ ಊಟ ಏರ್ಪಡಿಸಿ ಚೀಟಿ ಮಾರಿ ಅಭ್ಯಾಸವಾಗಿದ್ದವರಿಗೆ ಇದು ಹೊಸ ವಿದ್ಯೆಯೇನಲ್ಲ. ಮೇರಿಲ್ಯಾಂಡಿನ ಕಡಲ ಬದಿಯಲ್ಲಿ ಸಿಂಪಿಯ ಊಟ, ಪೆನ್ಸಿಲ್ವೇನಿಯಾದ ಗಣಿ ಊರುಗಳಲ್ಲಿ ಪೋಲೆಂಡ್ ಮತ್ತು ಉಕ್ರೇನ್ ಮೂಲದವರ ಪಿಯೆರೋಗಿ ಎಂಬ ಆಲೂಗಡ್ಡೆ ಹೂರಣದ ಕಡುಬು, ನ್ಯೂಯಾರ್ಕ್ ರಾಜ್ಯದ ಹಳ್ಳಿಗಳಲ್ಲಿ ಸ್ಟ್ರಾಬೆರಿ ಹಬ್ಬ, ಹೀಗೆ ಆಯಾ ಸೀಮೆಯಲ್ಲಿ ಬೆಳೆಯುವುದೇ ಆಯಾ ದಳದ ಆದಾಯವಾಯಿತು. ತಾವು ನೋಡಿದ ಚಿಕನ್ ಬಾರ್ಬೆಕ್ಯೂವಿಗೂ ಒಂದು ಚರಿತ್ರೆಯಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ಬೇಕರ್ ಎಂಬ ಪ್ರಾಧ್ಯಾಪಕರು, ಕೋಳಿ ಸಾಕುವ ರೈತರಿಗೆ ಮಾರುಕಟ್ಟೆ ಹೆಚ್ಚಲೆಂದು, ವಿನೆಗರ್, ಎಣ್ಣೆ, ಮೊಟ್ಟೆ ಬೆರೆಸಿದ ಒಂದು ಲೇಪವನ್ನು ರೂಪಿಸಿ, ನೂರಾರು ಜನರಿಗೆ ಒಮ್ಮೆಗೇ ಕೆಂಡದ ಮೇಲೆ ಸುಡುವ ಕ್ರಮವನ್ನು 1950ರಲ್ಲಿ ಪ್ರಕಟಿಸಿದರು. ನ್ಯೂಯಾರ್ಕ್ ರಾಜ್ಯದ ಅಗ್ನಿಶಾಮಕ ಠಾಣೆಗಳ ಅಂಗಳಗಳಲ್ಲಿ ಅದು ಇಂದಿಗೂ ನಡೆಯುತ್ತಿದೆ. ಬೆಂಕಿ ಆರಿಸುವವರ ಅಂಗಳದಲ್ಲಿಯೇ ಕೆಂಡ ಹರವುವುದು ತಮಾಷೆಯಾಗಿ ಕಂಡರೂ, ಅದನ್ನು ಕಾಯಲು ಅವರಿಗಿಂತ ತಕ್ಕವರು ಯಾರು? ಊಟದ ಜೊತೆಗೆ ಬಿಂಗೊ ಎಂಬ ಅಂಕಿಯಾಟವೂ ಸೇರಿತು. ನ್ಯೂಯಾರ್ಕಿನಲ್ಲಿ ಅದನ್ನು ಧರ್ಮಾರ್ಥ ಸಂಸ್ಥೆಗಳು ಆಡಿಸಬಹುದೆಂದು ಮತದಾರರು 1957ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಠಾಣೆಯ ಸಭಾಂಗಣಕ್ಕೆ ವಾರಕ್ಕೊಂದು ಸಂಜೆಯ ಕಾಯಂ ವರಮಾನ ಬಂತು.

ಹಣ ಕೂಡಿಸುವುದಷ್ಟೇ ಇವರ ಕೆಲಸವೆಂದು ತಿಳಿಯಬಾರದು. ರಾತ್ರಿಯೆಲ್ಲ ಉರಿಯುವ ಗೋದಾಮಿನ ಮುಂದೆ, ಹೋಸ್ ಪೈಪಿನ ನೀರು ಕೈಗವಸಿನ ಮೇಲೆಯೇ ಹೆಪ್ಪುಗಟ್ಟುವ ಚಳಿಯಲ್ಲಿ, ಬಿಸಿ ಕಾಫಿ, ಸೂಪು, ಒಣಗಿದ ಕಾಲುಚೀಲಗಳನ್ನು ಹೊತ್ತು ಬರುತ್ತಿದ್ದವರು ಈ ಹೆಂಗಸರು. ಇದನ್ನು ಬಹುಕಾಲ ಮಮತೆಯ ಕೆಲಸವೆಂದೇ ಬಗೆದು ಹೊಗಳಿ ಸುಮ್ಮನಾದರು. ಅದರ ವೈದ್ಯಕೀಯ ಬೆಲೆ ತಿಳಿದುದು ತಡವಾಗಿ: ಅಮೆರಿಕದಲ್ಲಿ ಕರ್ತವ್ಯದಲ್ಲಿರುವಾಗ ಸಾಯುವ ಅಗ್ನಿಶಾಮಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸಾಯುವುದು ಉರಿಯಿಂದಲ್ಲ, ಹೃದಯಾಘಾತದಿಂದ. ಭಾರವಾದ ಉಡುಪಿನೊಳಗೆ ಮೈ ಕಾದು, ಬೆವರಿ, ನೀರು ಕಳೆದುಕೊಂಡು ದುಡಿಯುವುದು ಹೃದಯಕ್ಕೆ ಮಾಡುವ ಹಾನಿಯನ್ನು ಗಮನಿಸಿ, ಅಲ್ಲಿನ ರಾಷ್ಟ್ರೀಯ ಅಗ್ನಿರಕ್ಷಣಾ ಸಂಸ್ಥೆಯು ದಣಿದವರನ್ನು ಸರದಿಯಂತೆ ಹಿಂದಕ್ಕೆ ಕರೆದು ಕೂರಿಸಿ, ನೀರು ಕೊಟ್ಟು, ನಾಡಿ ನೋಡಿ ಕಳುಹಿಸಬೇಕೆಂಬ ನಿಯಮವನ್ನು 2003ರಲ್ಲಿ ಶಿಫಾರಸಾಗಿಯೂ 2008ರಲ್ಲಿ ಮಾನದಂಡವಾಗಿಯೂ ಹೊರಡಿಸಿತು. ಆಮ್ಲಜನಕದ ಅಳತೆ, ರಕ್ತದೊತ್ತಡದ ಪಟ್ಟಿ ಇವನ್ನು ಬಿಟ್ಟರೆ, ಕಾಫಿಯ ಪಾತ್ರೆಯ ಬಳಿ ಆಗುತ್ತಿದ್ದ ಕೆಲಸವೇ ಇದು.

ನನ್ನ ಮಟ್ಟಿಗೆ ಇನ್ನೂ ಹೆಚ್ಚು ಗಮನಕ್ಕೆ ಬರಬೇಕಾದದ್ದು ದೂರವಾಣಿಯ ಕಥೆ. 911 ಎಂಬ ತುರ್ತು ಸಂಖ್ಯೆಗೆ ಮೊದಲ ಕರೆ ಹೋದದ್ದು 1968ರ ಫೆಬ್ರವರಿ 16ರಂದು, ಅಲಬಾಮಾದ ಹೇಲಿವಿಲ್ ಊರಿನಲ್ಲಿ. ಅದು ದೇಶದ ಎಲ್ಲ ಹಳ್ಳಿಗಳಿಗೆ ತಲುಪಲು ಮತ್ತೆ ಕೆಲವು ದಶಕಗಳೇ ಹಿಡಿದವು. ಅಲ್ಲಿಯವರೆಗೆ ಎಷ್ಟೋ ಊರುಗಳಲ್ಲಿ ‘ಬೆಂಕಿ ಫೋನು’ ಇದ್ದುದು ಅಗ್ನಿಶಾಮಕರ ಮನೆಗಳಲ್ಲಿ. ಕರೆ ಬಂದರೆ ಎತ್ತುತ್ತಿದ್ದವಳು ಮನೆಯಲ್ಲಿದ್ದ ಹೆಂಡತಿ. ವಿಳಾಸ ಬರೆದುಕೊಂಡು, ಸೈರನ್ನಿನ ಗುಂಡಿ ಒತ್ತಿ, ಪಟ್ಟಿಯಂತೆ ಒಬ್ಬೊಬ್ಬರ ಮನೆಗೂ ಫೋನು ಮಾಡುತ್ತಿದ್ದವಳೂ ಅವಳೇ. ಒಲೆಯ ಮೇಲೆ ಅಡುಗೆ, ತೊಟ್ಟಿಲಲ್ಲಿ ಮಗು ಇರುವಾಗಲೂ ಫೋನಿನ ಬಳಿಯಿಂದ ಕದಲುವಂತಿಲ್ಲ. ಹೊರಗೆ ಹೋಗಬೇಕಾದರೆ ನೆರೆಯವಳಿಗೆ ಹೇಳಿ ಹೋಗಬೇಕು. ಇಂದು ಸಂಬಳ ಕೊಟ್ಟು ಮೂರು ಪಾಳಿಯಲ್ಲಿ ಮಾಡಿಸುವ ನಿಯಂತ್ರಣ ಕೊಠಡಿಯ ಕೆಲಸವಿದು.

ಹೀಗಿದ್ದೂ ಆಕ್ಸಿಲಿಯರಿ ಎಂದರೆ ‘ಸಹಾಯಕ’ ಎಂದೇ ಅರ್ಥ, ಮತ್ತು ಆ ಪದವನ್ನು ಅಕ್ಷರಶಃ ಪಾಲಿಸಲಾಯಿತು. ಹಲವೆಡೆ ಅಗ್ನಿಶಾಮಕರ ಹೆಂಡತಿ, ತಾಯಿ, ಮಗಳು ಅಥವಾ ಸಹೋದರಿಯಾಗಿದ್ದವರಿಗೆ ಮಾತ್ರ ಸದಸ್ಯತ್ವ ಸಿಗುತ್ತಿತ್ತು. ಕೂಡಿಸಿದ ಹಣ ದಳಕ್ಕೆ ಸೇರುತ್ತಿತ್ತು; ಯಾವ ಎಂಜಿನ್ ಕೊಳ್ಳಬೇಕೆಂಬ ದಳದ ಸಭೆಯಲ್ಲಿ ಮತ ಹಾಕುವ ಅಧಿಕಾರ ಅವರಿಗಿರಲಿಲ್ಲ. ಹಳೆಯ ನಡಾವಳಿ ಪುಸ್ತಕಗಳಲ್ಲಿ ಅವರ ಹೆಸರನ್ನು ಬರೆಯುತ್ತಿದ್ದುದೂ ಗಂಡನ ಹೆಸರಿನ ಹಿಂದೆ ‘ಶ್ರೀಮತಿ’ ಸೇರಿಸಿ. ಆದ್ದರಿಂದ ಇವರ ಚರಿತ್ರೆಯನ್ನು ಬರೆಯಹೊರಟವರಿಗೆ ಎಷ್ಟು ಪೌಂಡು ಹ್ಯಾಮ್ ಬೇಯಿಸಿದರೆಂಬುದು ಸಿಗುತ್ತದೆ, ಬೇಯಿಸಿದವಳ ಸ್ವಂತ ಹೆಸರು ಸಿಗುವುದಿಲ್ಲ. ಅಡುಗೆಯ ವಿಧಾನಗಳನ್ನು ಒಟ್ಟುಗೂಡಿಸಿ, ಅಚ್ಚು ಹಾಕಿಸಿ, ನಿಧಿಗಾಗಿ ಮಾರಿದ ತೆಳ್ಳನೆಯ ಪುಸ್ತಕಗಳೇ ಕೆಲವೊಮ್ಮೆ ಉಳಿದಿರುವ ಏಕೈಕ ದಾಖಲೆ.

ಸಿರಿವಂತ ದೇಶಕ್ಕೆ ಇದು ಬೇಕೆ ಎಂದು ಕೇಳಿದ್ದೀರಿ. ತೆರಿಗೆಯ ಹಣ ಹಲವು ಕಡೆ ದೊರೆಯುತ್ತದೆ, 2001ರಿಂದ ಕೇಂದ್ರ ಸರ್ಕಾರದ ಅನುದಾನವೂ ಉಂಟು. ಆದರೆ ಒಂದು ಹೊಸ ಎಂಜಿನ್ನಿನ ಬೆಲೆ ಐದು ಲಕ್ಷ ಡಾಲರನ್ನು ದಾಟಿದೆ, ಒಬ್ಬರ ಉಡುಪಿಗೇ ಸಾವಿರಾರು ಡಾಲರು ಬೇಕು. ಸಂಬಳದ ದಳವನ್ನಿಡುವ ಖರ್ಚಿಗೆ ಹೋಲಿಸಿದರೆ ಊರಿಗೆ ಚಿಕನ್ ಊಟವೇ ಅಗ್ಗ. ಇದನ್ನು ನಾನು ಬಡತನವೆನ್ನಲಾರೆ. ಯಾರ ದುಡಿಮೆಗೆ ಬೆಲೆ ಕಟ್ಟದಿದ್ದರೆ ತೆರಿಗೆ ಕಡಿಮೆಯಾಗುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದೆ ಇದ್ದೇ ಇದೆ.

ಪ್ರಶ್ನೆ: ಅಗ್ನಿಶಾಮಕ ದಳಗಳ ಮಹಿಳಾ ಸಂಘಗಳ ಬಗ್ಗೆ ಓದಿದಾಗಲೆಲ್ಲ ಕಾಫಿ, ಊಟ, ಹೊಲಿಗೆ ಇವೇ ಕಾಣುತ್ತವೆ. ಹೆಂಗಸರು ಬೆಂಕಿಗೆ ಇಳಿಯಲೇ ಇಲ್ಲವೆ, ಅಥವಾ ಇಳಿದವರನ್ನು ಬರೆಯಲಿಲ್ಲವೆ?
— ಓದುಗರೊಬ್ಬರು, ಧಾರವಾಡ

ಉತ್ತರ: ಇಳಿದಿದ್ದರು. ನ್ಯೂಯಾರ್ಕಿನಲ್ಲಿ ಗುಲಾಮಗಿರಿಯಲ್ಲಿದ್ದ ಮಾಲಿ ವಿಲಿಯಮ್ಸ್ ಎಂಬ ಕಪ್ಪು ಮಹಿಳೆ 1818ರ ಹಿಮಪಾತದಲ್ಲಿ, ಗಂಡಸರು ಕಾಯಿಲೆ ಬಿದ್ದಿದ್ದಾಗ, ಹನ್ನೊಂದನೆಯ ಸಂಖ್ಯೆಯ ಎಂಜಿನ್ನನ್ನು ಹಗ್ಗ ಹಿಡಿದು ಎಳೆದದ್ದನ್ನು ಆ ನಗರದ ದಳದ ಚರಿತ್ರೆ ನೆನೆಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಲಿಲಿ ಹಿಚ್‌ಕಾಕ್ ಕೊಯಿಟ್ ಬಾಲ್ಯದಿಂದಲೇ ಐದನೆಯ ಸಂಖ್ಯೆಯ ಎಂಜಿನ್ನಿನ ಹಿಂದೆ ಓಡುತ್ತಿದ್ದವರು. ಅವರು ಬಿಟ್ಟುಹೋದ ಹಣದಿಂದ 1933ರಲ್ಲಿ ಎದ್ದ ಕೊಯಿಟ್ ಗೋಪುರವನ್ನು ನಮ್ಮವರು ಅನೇಕರು ನೋಡಿ ಬಂದಿರಬಹುದು. ಆದರೆ ಲಿಲಿ ಸಿರಿವಂತರ ಮಗಳು, ಗೌರವ ಸದಸ್ಯೆ. ಅವರ ಕಥೆ ಉಳಿದದ್ದಕ್ಕೆ ಆ ಗೋಪುರವೂ ಒಂದು ಕಾರಣ. ಇಂಗ್ಲೆಂಡಿನ ಗಿರ್ಟನ್ ಕಾಲೇಜಿನ ವಿದ್ಯಾರ್ಥಿನಿಯರು 1878ರಲ್ಲಿ ಕಟ್ಟಿದ ದಳ 1932ರವರೆಗೆ ನಡೆಯಿತು.

‘ಆಕ್ಸಿಲಿಯರಿ’ ಎಂಬ ಪದದ ಅರ್ಥ ಪೂರ್ತಿ ಬದಲಾದದ್ದು ಯುದ್ಧಕಾಲದ ಬ್ರಿಟನ್ನಿನಲ್ಲಿ. 1938ರಲ್ಲಿ ಆರಂಭವಾದ ‘ಆಕ್ಸಿಲಿಯರಿ ಫೈರ್ ಸರ್ವಿಸ್’ ಗಂಡಸರನ್ನೂ ಹೆಂಗಸರನ್ನೂ ಸೇರಿಸಿಕೊಂಡಿತು. ಅಲ್ಲಿನ ಮಹಿಳೆಯರು ನಿಯಂತ್ರಣ ಕೊಠಡಿಯಲ್ಲಿ ಕುಳಿತರು, ಬಾಂಬು ಬೀಳುವ ಬೀದಿಗಳಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಸಂದೇಶ ಒಯ್ದರು. 1940ರ ಸೆಪ್ಟೆಂಬರಿನ ಒಂದು ರಾತ್ರಿ ಲಂಡನ್ನಿನ ಬರ್ಮಂಡ್ಸಿಯಲ್ಲಿ, ಸುತ್ತ ಬೆಂಕಿಯಿರುವಾಗ, 150 ಗ್ಯಾಲನ್ ಪೆಟ್ರೋಲ್ ತುಂಬಿದ ಲಾರಿಯನ್ನು ಓಡಿಸಿ ಪಂಪುಗಳಿಗೆ ಇಂಧನ ಮುಟ್ಟಿಸಿದ ಗಿಲಿಯನ್ ಟ್ಯಾನರ್ ಅವರಿಗೆ ಜಾರ್ಜ್ ಪದಕ ದೊರೆಯಿತು.

ಅಮೆರಿಕದಲ್ಲಿ ಬಾಗಿಲು ತೆರೆಯಲು ಕಾನೂನು ಬೇಕಾಯಿತು. ಉದ್ಯೋಗದಲ್ಲಿ ಲಿಂಗಭೇದ ಮಾಡಬಾರದೆಂಬ ನಿಯಮವನ್ನು 1972ರಲ್ಲಿ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೂ ವಿಸ್ತರಿಸಲಾಯಿತು. 1974ರಲ್ಲಿ ವರ್ಜೀನಿಯಾದ ಆರ್ಲಿಂಗ್ಟನ್ ಕೌಂಟಿಯಲ್ಲಿ ಸಂಬಳದ ಅಗ್ನಿಶಾಮಕಿಯಾಗಿ ನೇಮಕಗೊಂಡ ಜುಡಿತ್ ಲಿವರ್ಸ್ ಅವರಿಗೆ ಈ ವಿದ್ಯೆಯಲ್ಲಿ ಆಸಕ್ತಿ ಮೂಡಿದ್ದು, ಅಗ್ನಿಶಾಮಕರಾಗಿದ್ದ ಗಂಡನ ಪಾಠಗಳಿಗೆ ನೆರವಾಗುತ್ತಿದ್ದಾಗ. ಸಹಾಯಕಿಯ ಕೆಲಸದಿಂದಲೇ ಮುಂದಿನ ಸಾಲಿಗೆ ದಾರಿ ತೆರೆದ ಇಂಥ ಉದಾಹರಣೆ ನನಗೆ ಬಹಳ ಮೆಚ್ಚಿಗೆ. ಇದರ ಇನ್ನೊಂದು ಪರಿಣಾಮವೂ ಉಂಟು: ಬೆಂಕಿಗೆ ಇಳಿಯಬಲ್ಲವಳು ದಳವನ್ನೇ ಸೇರುತ್ತಾಳೆ, ಕೆಲಸಕ್ಕೆ ಹೋಗುವವಳಿಗೆ ಅಡುಗೆಗೆ ಬಿಡುವಿಲ್ಲ, ಆದ್ದರಿಂದ ಆಕ್ಸಿಲಿಯರಿಗಳು ಸೊರಗುತ್ತಿವೆ. ಹಲವು ಸಂಘಗಳು ಹೆಸರಿನಿಂದ ‘ಲೇಡೀಸ್’ ಎಂಬುದನ್ನು ತೆಗೆದು ಗಂಡಸರನ್ನೂ ಸೇರಿಸಿಕೊಂಡಿವೆ. ಸ್ವಯಂಸೇವಕ ಅಗ್ನಿಶಾಮಕರ ಸಂಖ್ಯೆಯೇ 1980ರ ದಶಕದ ನಡುವಿನಲ್ಲಿದ್ದ ಸುಮಾರು 9 ಲಕ್ಷದಿಂದ ಇಳಿಯುತ್ತ ಬಂದಿರುವಾಗ, ಇದು ಹೆಂಗಸರ ಸಂಘಗಳದ್ದಷ್ಟೇ ತೊಂದರೆಯಲ್ಲ.

ಪ್ರಶ್ನೆ: ನಮ್ಮ ರಾಜ್ಯದಲ್ಲಿ ಇಂಥ ಸಂಘಗಳು ಏಕಿಲ್ಲ?
— ಓದುಗರೊಬ್ಬರು, ಮೈಸೂರು

ಉತ್ತರ: ನಮ್ಮಲ್ಲಿ ಅಗ್ನಿಶಾಮಕ ಸೇವೆಯು 1964ರ ಕಾಯ್ದೆಯಂತೆ ರಾಜ್ಯ ಸರ್ಕಾರದ ಇಲಾಖೆ, ಎಂಜಿನ್ನೂ ಸಂಬಳವೂ ಬೊಕ್ಕಸದಿಂದ ಬರುತ್ತವೆ. ಊರವರೇ ಒಡೆಯರಾದ ದಳವಿಲ್ಲದಿರುವಾಗ ಅದರ ಪಕ್ಕದ ಸಂಘಕ್ಕೆ ಎಡೆಯಿಲ್ಲ. ಸ್ವಯಂಸೇವೆಯ ಅಂಶ ನಮ್ಮಲ್ಲಿ ಗೃಹರಕ್ಷಕ ದಳದಲ್ಲಿದೆ, ಅದರಲ್ಲಿ ಮಹಿಳೆಯರೂ ಇದ್ದಾರೆ. ಆದರೆ ಅದು ಬೇರೆಯೇ ವ್ಯವಸ್ಥೆ.

ಇನ್ನು ಶಿರಸಿಯ ಓದುಗರ ಉಳಿದ ಪ್ರಶ್ನೆ. ಧಾರಾಳವಾಗಿ ಹೋಗಬಹುದು, ಆ ಊಟಗಳು ಯಾರು ಬೇಕಾದರೂ ಚೀಟಿ ಕೊಂಡು ಉಣ್ಣುವಂಥವು, ಕಟ್ಟಿಸಿಕೊಂಡು ಮನೆಗೆ ಒಯ್ಯುವ ಏರ್ಪಾಡೂ ಸಾಮಾನ್ಯವಾಗಿ ಇರುತ್ತದೆ. ಬಾರ್ಬೆಕ್ಯೂ ದಿನ ಜೋಳದ ತೆನೆ, ಎಲೆಕೋಸಿನ ಕೋಸಂಬರಿಯಂಥದ್ದು ಸಿಗಬಹುದು, ಆದರೆ ಕೋಸಂಬರಿಗೆ ಕಲಸುವ ಮೇಯನೇಸ್‌ನಲ್ಲಿ ಮೊಟ್ಟೆಯಿರುತ್ತದೆ. ಭಾನುವಾರ ಬೆಳಗಿನ ಪ್ಯಾನ್‌ಕೇಕ್ ದೋಸೆಯನ್ನು ಹೋಲುತ್ತದೆಂದು ನಂಬಬೇಡಿ, ಅದಕ್ಕೂ ಮೊಟ್ಟೆ ಹಾಕುತ್ತಾರೆ. ಪೆನ್ಸಿಲ್ವೇನಿಯಾದಲ್ಲಿಯೇ ಇರುವುದರಿಂದ ಪಿಯೆರೋಗಿ ಮಾರುವ ದಿನವನ್ನು ಕೇಳಿಟ್ಟುಕೊಳ್ಳಿ; ಆಲೂಗಡ್ಡೆಯ ಹೂರಣದ್ದನ್ನು ಬೆಣ್ಣೆ, ಈರುಳ್ಳಿಯಲ್ಲಿ ಹುರಿದು ಕೊಡುತ್ತಾರೆ. ಕಣಕಕ್ಕೆ ಮೊಟ್ಟೆ ಸೇರಿಸಿದ್ದಾರೆಯೇ, ಹಂದಿಮಾಂಸದ ಚೂರು ಉದುರಿಸಿದ್ದಾರೆಯೇ ಎಂದು ಬಡಿಸುವವರನ್ನು ಮೊದಲೇ ವಿಚಾರಿಸಿದರೆ ಅವರು ಬೇಸರಿಸುವುದಿಲ್ಲ.