ಬೆಲೆ ಬರೆಯದ ಜಾಲತಾಣ

ಪ್ರಕರಣ (ಗುರುತು ಸಿಗದಂತೆ ವಿವರ ಬದಲಿಸಲಾಗಿದೆ): ಮುಂಬೈ ಬಳಿಯ ಡೊಂಬಿವಲಿಯಲ್ಲಿ ನೆಲೆಸಿರುವ ಉಡುಪಿ ಕಡೆಯ ಮಹಿಳೆ. ಕರಾವಳಿಯ ಮನೆ, ದೇವಸ್ಥಾನ, ಲೋಕಲ್ ರೈಲಿನ ಜನರನ್ನು ಜಲವರ್ಣದಲ್ಲಿ ಬಿಡಿಸುತ್ತಾರೆ. ಸ್ವಂತ ಹೆಸರಿನ ಜಾಲತಾಣ ಮಾಡಿಸಿ ವರ್ಷವಾಗುತ್ತ ಬಂದರೂ ಅದರಿಂದ ಒಂದು ಚಿತ್ರವೂ ಹೋಗಿಲ್ಲ. ಮನೆಯಲ್ಲಿ "ಸುಮ್ಮನೆ ಖರ್ಚು" ಎಂಬ ಮಾತು ಶುರುವಾಗಿತ್ತು. ನಮ್ಮ ಬಳಿ ಸಲಹೆಗೆ ಬರುವಾಗ, ತನ್ನ ಕೈಯಲ್ಲಿ ಕಸುಬೇ ಇಲ್ಲವೇನೋ ಎಂಬಲ್ಲಿಗೆ ಅವರ ಯೋಚನೆ ಬಂದಿತ್ತು.

ತಾಣದಲ್ಲಿ 140 ಚಿತ್ರಗಳಿದ್ದವು. ಯಾವುದರ ಕೆಳಗೂ ಬೆಲೆಯಿಲ್ಲ, ಅಳತೆಯಿಲ್ಲ. "ವಿಚಾರಿಸಿ" ಎಂಬ ಗುಂಡಿ ಮಾತ್ರ. ಕಾರಣ ಕೇಳಿದಾಗ ಬಂದ ಉತ್ತರ: "ರೇಟು ಹಾಕಿದ್ರೆ, ನಮ್ಮವರ ಹತ್ರಾನೂ ದುಡ್ಡಾ ಅಂತ ಕೇಳುದಿಲ್ವಾ?"

ಗಂಟು ಇರುವುದು ಇಲ್ಲಿ, ಕಲೆಯಲ್ಲಲ್ಲ. ಮಾರುವವರಿಗೆ ಇರುವಷ್ಟೇ ಸಂಕೋಚ ಕೊಳ್ಳುವವರಿಗೂ ಇರುತ್ತದೆ. ಬೆಲೆ ಕೇಳಿ ಆಮೇಲೆ "ಬೇಡ" ಎನ್ನುವ ಮುಜುಗರ ತಪ್ಪಿಸಲು ಅವರು ಕೇಳದೆಯೇ ಪುಟ ಮುಚ್ಚುತ್ತಾರೆ.

ಕೇಳಿದ ಕೆಲವರಿಗೆ ಅವರು ಎ3 (ಎ4 ಹಾಳೆಯ ಎರಡರಷ್ಟು) ಪ್ರಿಂಟಿಗೆ, ಅಂದರೆ ಮೂಲ ಚಿತ್ರದ ಮುದ್ರಿತ ಪ್ರತಿಗೆ, 800 ರೂಪಾಯಿ ಹೇಳುತ್ತಿದ್ದರು. ಖರ್ಚನ್ನು ಅವರ ಕೈಯಿಂದಲೇ ಬರೆಸಿದೆವು: ಹತ್ತಿ ಕಾಗದದ ಮೇಲೆ ಮುದ್ರಣ 480, ಪ್ಯಾಕಿಂಗ್ 110, ಕೊರಿಯರ್ 170. ಪೇಮೆಂಟ್ ಗೇಟ್‌ವೇ (ಆನ್‌ಲೈನ್‌ನಲ್ಲಿ ಹಣ ಪಡೆಯುವ ಸೇವೆ) ಶುಲ್ಕ 2%, ಆ ಶುಲ್ಕದ ಮೇಲೆ 18% ಜಿಎಸ್‌ಟಿ. ಅಂದರೆ ಸುಮಾರು 19. ಉಳಿದದ್ದು 21 ರೂಪಾಯಿ. ಈ ಲೆಕ್ಕ ನೋಡಿದ ಮೇಲೆ ಅವರ ಮುಖದಲ್ಲಿ ಬಂದ ಸಿಟ್ಟು ಒಳ್ಳೆಯ ಲಕ್ಷಣ. ಕೊರಿಯರ್ ಸೇರಿಸಿ 1,900 ಎಂದು ನಿಗದಿಯಾಯಿತು. ಕೈಗೆ ಸುಮಾರು 1,095 ಉಳಿಯುತ್ತದೆ. ಅದರಲ್ಲಿ 100 ರೂಪಾಯಿ, ದಾರಿಯಲ್ಲಿ ಹಾಳಾದ ಪ್ರತಿಯನ್ನು ಮತ್ತೆ ಮುದ್ರಿಸಲು ಪ್ರತ್ಯೇಕ.

ನೆಂಟರ ವಿಷಯಕ್ಕೆ ಒಂದು ಸಂದೇಶ ಬರೆದುಕೊಟ್ಟೆವು: "ಚಿಕ್ಕಮ್ಮ, ಚಿತ್ರ ಇಷ್ಟವಾಯಿತು ಅಂದದ್ದು ತುಂಬಾ ಖುಷಿಯಾಯಿತು. ಇದಕ್ಕೆ 1,900, ಕೊರಿಯರ್ ಸೇರಿ. ಲಿಂಕ್ ಕಳಿಸಿದ್ದೇನೆ." ಇಲ್ಲಿಗೆ ನಿಲ್ಲಿಸಬೇಕು. "ಬೇಕಾದರೆ ಕಡಿಮೆ ಮಾಡೋಣ" ಎಂಬ ಸಾಲನ್ನು ಕೈ ತಾನಾಗಿ ಟೈಪ್ ಮಾಡುತ್ತದೆ, ಅದನ್ನು ಅಳಿಸಬೇಕು. ಗೃಹಪ್ರವೇಶಕ್ಕೆ, ಮದುವೆಗೆ ಉಡುಗೊರೆಯಾಗಿ ಪೂರ್ತಿ ಕೊಡಬಹುದು. ಅರ್ಧ ಬೆಲೆ ಮಾತ್ರ ಬೇಡ. ಒಬ್ಬರಿಗೆ ಕೊಟ್ಟದ್ದು ವಾರದೊಳಗೆ ಇಡೀ ಕುಟುಂಬದ ದರವಾಗುತ್ತದೆ.

ತಾಣದಲ್ಲಿ 18 ಚಿತ್ರ ಉಳಿಸಿ ಮಿಕ್ಕವನ್ನು ತೆಗೆಸಿದೆವು. ಪ್ರತಿಯೊಂದಕ್ಕೂ ಮೂರು ಫೋಟೊ: ನೇರವಾಗಿ ಒಂದು, ಕಾಗದದ ಮೈ ಕಾಣುವ ಹತ್ತಿರದ್ದೊಂದು, ಕುರ್ಚಿಯ ಮೇಲಿನ ಗೋಡೆಯಲ್ಲಿ ತೂಗುಹಾಕಿದ್ದೊಂದು. ಮೂರನೆಯದಿಲ್ಲದಿದ್ದರೆ ಎ3 ಎಂದರೆ ಎಷ್ಟು ದೊಡ್ಡದು ಎಂದು ಕೊಳ್ಳುವವರಿಗೆ ಅಂದಾಜಾಗದು. ತಾಣಕ್ಕೆ ಉದ್ದದ ಬದಿ 1,600 ಪಿಕ್ಸೆಲ್ ಸಾಕು. ಎ3 ಮುದ್ರಣಕ್ಕೆ ಬೇಕಾದ 3,508×4,961 ಪಿಕ್ಸೆಲ್‌ನ ಕಡತವನ್ನು ಅವರು ಹಾಗೆಯೇ ಏರಿಸಿದ್ದರು. ಪುಟ ತೆರೆಯಲು ತಡವಾಗುತ್ತಿದ್ದುದೂ, ಯಾರು ಬೇಕಾದರೂ ಇಳಿಸಿಕೊಂಡು ಮುದ್ರಿಸಬಹುದಾಗಿದ್ದುದೂ ಅದರಿಂದಲೇ.

ಕೊರಿಯರ್‌ನವರು ತೂಕವನ್ನಷ್ಟೇ ನೋಡುವುದಿಲ್ಲ. ಸೆಂಟಿಮೀಟರ್‌ನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಪ್ರಿಂಟನ್ನು ಸುತ್ತಿ ಕಳಿಸುವ 50×10×10ರ ಕೊಳವೆ ಹಗುರವಾಗಿದ್ದರೂ ಒಂದು ಕಿಲೋ ಲೆಕ್ಕ. ಮುಂಬೈ ಮಳೆಗಾಲದಲ್ಲಿ ಕೊಳವೆಯ ಎರಡೂ ಬಾಯಿಗೆ ಟೇಪು, ಒಳಗೆ ಪ್ಲಾಸ್ಟಿಕ್ ಚೀಲ, ತೇವ ಹೀರುವ ಒಂದು ಸಿಲಿಕಾ ಜೆಲ್ ಪೊಟ್ಟಣ ಬೇಕೇ ಬೇಕು. ತೇವ ಎಳೆದ ಹತ್ತಿ ಕಾಗದ ಅಲೆಅಲೆಯಾಗುತ್ತದೆ, ಫ್ರೇಮಿನೊಳಗೂ ಸರಿಹೋಗದು.

ಕಾನೂನಿನ ಎರಡು ಮಾತನ್ನು ಒತ್ತಿ ಹೇಳಿದೆವು. ಸರಕು ಮಾರುವವರಿಗೆ ಮಹಾರಾಷ್ಟ್ರದೊಳಗೆ ವರ್ಷಕ್ಕೆ 40 ಲಕ್ಷ ರೂಪಾಯಿಯ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ. ಆದರೆ ಬೆಂಗಳೂರಿಗೆ ಒಂದು ಪ್ರಿಂಟ್ ಮಾರಿದರೂ ಅದು ಅಂತರರಾಜ್ಯ ಮಾರಾಟ. ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಈ ನಿಯಮದಿಂದ ಕರಕುಶಲ ವಸ್ತುಗಳಿಗಿರುವ ರಿಯಾಯಿತಿ ಕೈಯಲ್ಲಿ ಬಿಡಿಸಿದ ಮೂಲ ಚಿತ್ರಕ್ಕೆ ಸಿಗುತ್ತದೆಯೇ ಎಂದು ಸಿಎ ಬಳಿ ಬರಹದಲ್ಲಿ ಕೇಳಿಕೊಳ್ಳಬೇಕು.

ಇನ್ನೊಂದು, ಹಣ ಪಡೆದು ಬಿಡಿಸುವ ಭಾವಚಿತ್ರ. ಬೇರೆ ಒಪ್ಪಂದ ಇಲ್ಲದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ ಅದರ ಹಕ್ಕು ಹಣ ಕೊಟ್ಟು ಬಿಡಿಸಲು ಹೇಳಿದವರದ್ದು. ಕಲಾವಿದೆ ಅದನ್ನು ಪ್ರಿಂಟ್ ಮಾಡಿ ಮಾರುವಂತಿಲ್ಲ. ಹಕ್ಕು ತನ್ನಲ್ಲೇ ಉಳಿಯಬೇಕಿದ್ದರೆ ಮುಂಗಡ ಪಡೆಯುವ ಮೊದಲು ಆ ಸಾಲನ್ನು ಬರೆದು ಒಪ್ಪಿಗೆ ಪಡೆಯಬೇಕು. ಅರ್ಧ ಹಣ ಮುಂಗಡ, ತಿದ್ದುಪಡಿ ಪೆನ್ಸಿಲ್ ಹಂತದಲ್ಲಿ ಎರಡು ಸಲ. ಬಣ್ಣ ಬಿದ್ದ ಮೇಲೆ ಇಲ್ಲ.

ಸದ್ಯಕ್ಕೆ ತಾಣದಲ್ಲಿ ಮಹಾರಾಷ್ಟ್ರದ ಪಿನ್‌ಕೋಡ್‌ಗಳನ್ನಷ್ಟೇ ತೆರೆಸಿದ್ದೇವೆ. ಬೆಲೆ ಹಾಕಿದ ತಿಂಗಳಲ್ಲಿ ಹೋದ ಮೊದಲ ಪ್ರಿಂಟ್ ಪುಣೆಗೆ, ಅಪರಿಚಿತರೊಬ್ಬರಿಗೆ. ಜಿಎಸ್‌ಟಿ ಸಂಖ್ಯೆ ಕೈಗೆ ಬಂದ ದಿನ ಕರ್ನಾಟಕವನ್ನು ಸೇರಿಸಬೇಕು. ಅಲ್ಲಿಯವರೆಗೆ ಬೆಂಗಳೂರಿನಿಂದ ಕೇಳಿದವರ ಇಮೇಲ್ ವಿಳಾಸವನ್ನು ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳಲು ತಿಳಿಸಿದ್ದೇವೆ.