ಜ್ವರ ಬಿಟ್ಟ ಮೇಲೆ ಕಾಲು ಸೋತರೆ

ಪ್ರಶ್ನೆ: ತಮ್ಮಗ 34 ವರ್ಷ. ಜ್ವರ, ಕೆಮ್ಮು ಬಂದು ಹೋಗಿ ಹತ್ತು ದಿನ ಆಯ್ತು. ಮೊನ್ನೆಯಿಂದ ಎರಡೂ ಅಂಗಾಲು ಜುಮುಜುಮು ಅಂತಾವ, ಇವತ್ತು ಕುಂತಲ್ಲಿಂದ ಏಳಲಿಕ್ಕೆ ಆಗವಲ್ದು. ಊರಾಗ ಲಕ್ವಾ ಅಂತಾರ, ಎಣ್ಣಿ ತಿಕ್ಕಸ್ರಿ ಅಂತಾರ. ನೆಗಡಿ ನರಕ್ಕ ಇಳೀತದೇನ್ರಿ?
– ಓದುಗರು, ಶಹಾಪುರ ತಾಲೂಕು

ಉತ್ತರ: ಇವರಿಗೆ ಫೋನಿನಲ್ಲೇ ಹೇಳಿದ್ದೇವೆ: ಎಣ್ಣೆ ಬದಿಗಿಟ್ಟು ಇವತ್ತೇ ಹೊರಡಿ. ಉಳಿದವರಿಗೂ ಬೇಕಾದ ವಿಷಯವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಲಕ್ವಾ ಸಾಮಾನ್ಯವಾಗಿ ಒಂದೇ ಮಗ್ಗುಲಿಗೆ, ಏಕಾಏಕಿ ಹೊಡೆಯುತ್ತದೆ. ಎರಡೂ ಕಾಲಿನಿಂದ ಶುರುವಾಗಿ ದಿನದಿನಕ್ಕೆ ಮೇಲೇರುವ ನಿಶ್ಶಕ್ತಿ ಗಿಲಾನ್-ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್ ಇರಬಹುದು. 2025ರ ಆರಂಭದಲ್ಲಿ ಪುಣೆಯಲ್ಲಿ ಸುದ್ದಿಯಾದದ್ದು ಇದೇ. ಅಲ್ಲಿ ಅನೇಕರಿಗೆ ಮೊದಲು ಭೇದಿಯಾಗಿತ್ತು, ಫ್ಲೂ ನಂತರವೂ ಇದು ಬರುತ್ತದೆ. ವೈರಸ್ಸೇ ನರಕ್ಕೆ ಇಳಿದಿರುತ್ತದೆ ಎಂದೇನಲ್ಲ. ಸೋಂಕಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ನಮ್ಮದೇ ನರವನ್ನು, ಹೆಚ್ಚಾಗಿ ಅದರ ಮೇಲಿನ ಮಯಲಿನ್ ಪೊರೆಯನ್ನು, ಶತ್ರುವೆಂದು ಬಗೆದು ಕೆಡಿಸುತ್ತವೆ. ಅವು ತಯಾರಾಗಲು ಸಮಯ ಬೇಕು. ಅದಕ್ಕೇ ಜ್ವರವೆಲ್ಲ ಇಳಿದು, 1ರಿಂದ 4 ವಾರಕ್ಕೆ ಕಾಲು ಸೋಲುವುದು.

ಕಾಲಿಗಿಂತ ಉಸಿರಿನ ಮೇಲೆ ಕಣ್ಣಿಡಿ. ಉಸಿರು ತುಂಬಿಕೊಂಡು ಒಂದೇ ದಮ್ಮಿಗೆ ಎಣಿಸಲು ಹೇಳಿ. 20 ಮುಟ್ಟದಿದ್ದರೆ, ದಿಂಬಿನಿಂದ ತಲೆ ಎತ್ತಲಾಗದಿದ್ದರೆ, ನೀರು ನುಂಗುವಾಗ ನೆತ್ತಿಗೇರುತ್ತಿದ್ದರೆ 108ಕ್ಕೆ ಫೋನ್ ಮಾಡಿ. ಆಕ್ಸಿಮೀಟರ್ 98 ತೋರಿಸಿತೆಂದು ಮನೆಯಲ್ಲಿ ಕೂಡಬೇಡಿ. ಉಸಿರಾಟದ ಸ್ನಾಯು ಸೋಲತೊಡಗಿದರೂ ಆ ಅಂಕಿ ಕೊನೆಗೆ ಇಳಿಯುತ್ತದೆ. ವೆಂಟಿಲೇಟರ್ ಇರುವ ಆಸ್ಪತ್ರೆಗೇ ಹೋಗಬೇಕು, ಕಲಬುರಗಿ ದೂರವೆನಿಸಿದರೂ ಸರಿಯೇ.

ಅಲ್ಲಿ ಮೊಣಕಾಲಿಗೆ ಸುತ್ತಿಗೆ ತಟ್ಟಿದಾಗ ಕಾಲು ಜಿಗಿಯದಿದ್ದರೆ ಅನುಮಾನ ಬಲವಾಗುತ್ತದೆ. ಬೆನ್ನಿನ ನೀರಿನಲ್ಲಿ ಪ್ರೋಟೀನ್ ಹೆಚ್ಚಿರುತ್ತದೆ, ಆದರೆ ಮೊದಲ ವಾರ ವರದಿ ನಾರ್ಮಲ್ ಬಂದರೂ ನಿಶ್ಚಿಂತರಾಗುವಂತಿಲ್ಲ. ಔಷಧ ಇಮ್ಯುನೊಗ್ಲಾಬ್ಯುಲಿನ್: ತೂಕದ ಕೆಜಿಗೆ ದಿನಕ್ಕೆ 0.4 ಗ್ರಾಂ, 5 ದಿನ. 60 ಕೆಜಿಯವರಿಗೆ ಒಟ್ಟು 120 ಗ್ರಾಂ. ಪ್ಲಾಸ್ಮಾ ಬದಲಿಸುವ ಚಿಕಿತ್ಸೆಯೂ ಅಷ್ಟೇ ಫಲ ಕೊಡುತ್ತದೆ. ಇವೆರಡರಲ್ಲಿ ಒಂದು, ಕಾಲು ಸೋತ ಎರಡು ವಾರದೊಳಗೆ ಶುರುವಾಗಬೇಕು. ಸ್ಟಿರಾಯ್ಡ್ ಇದಕ್ಕೆ ಕೆಲಸ ಮಾಡುವುದಿಲ್ಲ. ಬಿ-12 ಸೂಜಿ, ಸಲೈನ್ ಅಂತ ನಾಲ್ಕು ದಿನ ಕಳೆದು ಬರುವವರನ್ನು ಕಂಡಾಗಲೇ ನಮಗೆ ಹೊಟ್ಟೆ ಉರಿಯುವುದು.

ಪ್ರಶ್ನೆ: ಎರಡು ವರ್ಷದ ಮಗಳಿಗೆ ಫ್ಲೂ ಜ್ವರದಾಗ ಫಿಟ್ಸ್ ಬಂತು. ಕೈಯಾಗ ಕೀಲಿ ಕೊಟ್ವಿ, ಮೂಗಿಗೆ ಉಳ್ಳಾಗಡ್ಡಿ ಹಿಡದ್ವಿ. ಮೆದುಳಿಗೆ ಹತ್ತೇದೇನ್ರಿ?
– ತಾಯಿ, ಹುಮನಾಬಾದ್

ಉತ್ತರ: 6 ತಿಂಗಳಿನಿಂದ 5 ವರ್ಷದವರೆಗೆ ಜ್ವರಕ್ಕೆ ಹೀಗಾಗುವುದುಂಟು; ಬೇಗ ನಿಂತರೆ ಮೆದುಳಿಗೆ ಹಾನಿಯಿಲ್ಲ. ಫಿಟ್ಸ್ ತಾನಾಗೇ ನಿಂತದ್ದಕ್ಕೆ ಕೀಲಿಗೆ ಹೆಸರು ಬಂದಿದೆ, ಅಷ್ಟೇ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕದೆ ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ನಿಂತ ಮೇಲೂ ಮಗು ಗುರುತು ಹಿಡಿಯದಿದ್ದರೆ, ಕತ್ತು ಬಿಗಿದಿದ್ದರೆ ಮೆದುಳಿನ ಉರಿಯೂತವಿರಬಹುದು, ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮೊದಲ ಸಲ ಬಂದಿದ್ದರೆ ಅವತ್ತೇ ವೈದ್ಯರಿಗೆ ತೋರಿಸಿ.

ಫ್ಲೂನಲ್ಲಿ ಮಕ್ಕಳಿಗೆ ಆಸ್ಪಿರಿನ್ ಬೇಡ. ರೈ ಸಿಂಡ್ರೋಮ್ ಆಗಿ ಮೆದುಳು ಬಾಯಬಹುದು, ಯಕೃತ್ತು ಕೆಡಬಹುದು. ಪ್ಯಾರಾಸಿಟಮಾಲ್ ಕೆಜಿಗೆ 15 ಮಿಲಿಗ್ರಾಂ, 6 ತಾಸಿಗೊಮ್ಮೆ. 10 ಕೆಜಿ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ. ಬಾಟಲಿಯ ಮೇಲೆ 5 ಎಂಎಲ್‌ಗೆ 125 ಎಂದಿದ್ದರೆ 6 ಎಂಎಲ್, 250 ಎಂದಿದ್ದರೆ 3 ಎಂಎಲ್. ಹಳೆ ಬಾಟಲಿಯ ಅಳತೆಯನ್ನೇ ಹೊಸದಕ್ಕೂ ಹಾಕಿದರೆ ಡೋಸ್ ಇಮ್ಮಡಿಯಾದೀತು.