ಉರಿ ನಿಂತ ಮೇಲೂ ಆಂಟಿಬಯೋಟಿಕ್ ಏಕೆ?

ಪ್ರಶ್ನೆ: ಮೇಲ್ಹೊಟ್ಟೆ ಉರಿಗೆ ಎಂಡೋಸ್ಕೋಪಿ ಮಾಡಿಸಿದೆ. ಡ್ಯುಯೋಡಿನಂನಲ್ಲಿ, ಅಂದರೆ ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಹುಣ್ಣಿದೆ, ಎಚ್. ಪೈಲೊರಿ ಎಂಬ ಬ್ಯಾಕ್ಟೀರಿಯಾ ಪಾಸಿಟಿವ್ ಎಂದರು. ನಾನು ಖಾರ ತಿನ್ನುವುದಿಲ್ಲ, ನೋವಿನ ಮಾತ್ರೆಯ ಅಭ್ಯಾಸವೂ ಇಲ್ಲ. ಆಸಿಡ್ ತಗ್ಗಿಸುವ ಮಾತ್ರೆ ನುಂಗಿದರೆ ಉರಿ ಹೋಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಈಗ 14 ದಿನಕ್ಕೆ ರಾಶಿ ಮಾತ್ರೆ ಬರೆದುಕೊಟ್ಟಿದ್ದಾರೆ. ಅಷ್ಟೂ ಬೇಕೇ?

ಉತ್ತರ: ಬೇಕು. ಆಸಿಡ್ ತಗ್ಗಿಸುವ ಮಾತ್ರೆಯಿಂದ ಹುಣ್ಣು ಮಾಯುತ್ತದೆ ನಿಜ, ಆದರೆ ಹುಣ್ಣು ಮಾಡಿದ ಬ್ಯಾಕ್ಟೀರಿಯಾ ಅಲ್ಲೇ ಉಳಿಯುತ್ತದೆ. ಉರಿ ಮರಳಿ ಬರುತ್ತಿರುವುದು ಅದಕ್ಕೇ. ಖಾರಕ್ಕೆ ಉರಿ ಹೆಚ್ಚಿಸುವ ಗುಣವಿದೆ, ಆದರೆ ಹುಣ್ಣಿಗೆ ಅದು ಕಾರಣವಲ್ಲ.

ಎಚ್. ಪೈಲೊರಿ ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಳ್ಳುತ್ತದೆ. ಸುತ್ತಲಿನ ಆಮ್ಲ ತಟಸ್ಥವಾಗುತ್ತದೆ. ಅಷ್ಟರಲ್ಲಿ ಬಾಲದಂಥ ಎಳೆಗಳ ಬಲದಿಂದ ಲೋಳೆಪದರವನ್ನು ಕೊರೆದು ಒಳಗೆ ಸೇರಿಕೊಳ್ಳುತ್ತದೆ.

ಅದು ನೆಲೆಸುವುದು ಜಠರದಲ್ಲಿ. ಹಾಗಿದ್ದರೆ ಹುಣ್ಣು ಅದರಾಚೆಯ ಡ್ಯುಯೋಡಿನಂನಲ್ಲಿ ಏಕೆ? ಜಠರದ ಕೆಳತುದಿಯಲ್ಲಿ, ಅಂದರೆ ಆಂಟ್ರಂನಲ್ಲಿ, ಹುಟ್ಟುವ ಗ್ಯಾಸ್ಟ್ರಿನ್ ಎಂಬ ಹಾರ್ಮೋನು ಆಮ್ಲ ಸುರಿಸಲು ಜಠರವನ್ನು ಪ್ರಚೋದಿಸುತ್ತದೆ. ಸೊಮಾಟೊಸ್ಟಾಟಿನ್ ಎಂಬ ಇನ್ನೊಂದು ಹಾರ್ಮೋನು ಅದನ್ನು ತಡೆದು ಹಿಡಿಯುತ್ತದೆ. ಸೋಂಕಿನ ಉರಿಯೂತ ಆಂಟ್ರಂನಲ್ಲಿದ್ದರೆ ಸೊಮಾಟೊಸ್ಟಾಟಿನ್ ಕುಸಿಯುತ್ತದೆ, ಗ್ಯಾಸ್ಟ್ರಿನ್‌ಗೆ ಲಗಾಮಿರುವುದಿಲ್ಲ. ಹೆಚ್ಚಾದ ಆಮ್ಲ ಡ್ಯುಯೋಡಿನಂಗೆ ಇಳಿದಾಗ ಅಲ್ಲಿನ ಒಳಪದರದ ಕೆಲಭಾಗ ಜಠರದ ಪದರದಂತೆ ಮಾರ್ಪಡುತ್ತದೆ. ಬ್ಯಾಕ್ಟೀರಿಯಾಕ್ಕೆ ಅಲ್ಲೂ ಜಾಗ ಸಿಗುತ್ತದೆ, ಪದರ ದುರ್ಬಲವಾಗಿ ಹುಣ್ಣಾಗುತ್ತದೆ. ಉರಿಯೂತ ಜಠರದ ನಡುಭಾಗಕ್ಕೆ ಹರಡಿದರೆ ಕಥೆ ಬೇರೆ: ಆಮ್ಲ ಕಡಿಮೆಯಾಗುತ್ತದೆ, ಆದರೂ ರಕ್ಷಣೆ ಸೋತ ಜಠರದಲ್ಲೇ ಹುಣ್ಣಾಗಬಹುದು.

ಸೋಂಕಿರುವ ಹೆಚ್ಚಿನವರಿಗೆ ಹುಣ್ಣಾಗುವುದೇ ಇಲ್ಲ. ಕ್ಯಾಗ್-ಎ ಎಂಬ ಪ್ರೋಟೀನು ತಯಾರಿಸುವ ತಳಿಗಳು, ಧೂಮಪಾನ, ಐಬುಪ್ರೊಫೆನ್ ಅಥವಾ ಆಸ್ಪಿರಿನ್ ಜೊತೆಗೂಡಿದರೆ ಅಪಾಯ ಏರುತ್ತದೆ. ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸುವವರೆಗೆ, ಹುಣ್ಣಿಗೆ ಚಿಂತೆ ಮತ್ತು ಆಮ್ಲವೇ ಮುಖ್ಯ ಕಾರಣ ಎಂದು ವೈದ್ಯರೂ ನಂಬಿದ್ದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಒಂದೇ ಆಂಟಿಬಯೋಟಿಕ್‌ಗೆ ಈ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ. ಹೆಚ್ಚಾಗಿ ಬರೆಯುವ ಒಂದು ಕೋರ್ಸ್ ಹೀಗಿದೆ: ಆಸಿಡ್ ತಗ್ಗಿಸುವ ಪಿಪಿಐ ದಿನಕ್ಕೆ ಎರಡು ಬಾರಿ, ಊಟಕ್ಕೆ ಅರ್ಧ ಗಂಟೆ ಮೊದಲು, ಬಿಸ್ಮತ್ ನಾಲ್ಕು ಬಾರಿ, ಟೆಟ್ರಾಸೈಕ್ಲಿನ್ 500 ಮಿಲಿಗ್ರಾಂ ನಾಲ್ಕು ಬಾರಿ, ಮೆಟ್ರೊನಿಡಜೋಲ್ ಮೂರು ಅಥವಾ ನಾಲ್ಕು ಬಾರಿ. ನಿಮ್ಮ ಚೀಟಿ ಬೇರೆಯಿದ್ದರೆ ಅದನ್ನೇ ಪಾಲಿಸಿ. ಟೆಟ್ರಾಸೈಕ್ಲಿನ್ ಇದ್ದರೆ ಹಾಲು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಜೊತೆಗೆ ತೆಗೆದುಕೊಳ್ಳಬೇಡಿ, ಔಷಧ ರಕ್ತಕ್ಕೆ ಸೇರುವುದಿಲ್ಲ. ಗರ್ಭಿಣಿಯರಿಗೆ ಈ ಔಷಧ ಸಲ್ಲದು. ಮೆಟ್ರೊನಿಡಜೋಲ್ ಇರುವಷ್ಟು ದಿನ ಮದ್ಯ ಬೇಡ, ಬಾಯಿ ಲೋಹದ ರುಚಿ ಹಿಡಿದರೂ ಬಿಡಬೇಡಿ. ಐದಾರು ದಿನಕ್ಕೇ ಉರಿ ನಿಂತಿತೆಂದು ಕೋರ್ಸ್ ನಿಲ್ಲಿಸುವುದೇ ದೊಡ್ಡ ತಪ್ಪು: ಬದುಕುಳಿದ ಬ್ಯಾಕ್ಟೀರಿಯಾಗಳು ಔಷಧಕ್ಕೆ ಜಗ್ಗದವಾಗಿರಬಹುದು, ಮುಂದಿನ ಚಿಕಿತ್ಸೆ ಕಷ್ಟವಾಗುತ್ತದೆ.

ಬಿಸ್ಮತ್‌ನಿಂದ ಮಲ ಕಪ್ಪಾಗುವುದು ಸಹಜ. ಡಾಂಬರಿನಂತೆ ಅಂಟಂಟಾಗಿ ವಿಪರೀತ ನಾತ ಬಂದರೆ, ರಕ್ತ ವಾಂತಿಯಾದರೆ, ಹಠಾತ್ತನೆ ತೀವ್ರ ಹೊಟ್ಟೆನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಕೋರ್ಸ್ ಮುಗಿದ ವಾರಕ್ಕೇ, ಪಿಪಿಐ ನುಂಗುತ್ತಲೇ ಉಸಿರಿನ ಪರೀಕ್ಷೆ ಮಾಡಿಸಿದೆ. ನೆಗೆಟಿವ್ ಬಂತು. ನಂಬಬಹುದೇ?

ಉತ್ತರ: ಈಗಲೇ ನಂಬಬೇಡಿ. ಪಿಪಿಐ ಮತ್ತು ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಅಡಗಿಸುತ್ತವೆ, ಇದ್ದರೂ ಇಲ್ಲವೆಂದು ಬರಬಹುದು. ಆಂಟಿಬಯೋಟಿಕ್ ಮತ್ತು ಬಿಸ್ಮತ್ ಮುಗಿದು ಕನಿಷ್ಠ 4 ವಾರ, ಪಿಪಿಐ ನಿಲ್ಲಿಸಿ 2 ವಾರ ಕಳೆದ ಮೇಲೆ ಉಸಿರಿನ ಯೂರಿಯಾ ಪರೀಕ್ಷೆ ಅಥವಾ ಮಲದ ಆ್ಯಂಟಿಜೆನ್ ಪರೀಕ್ಷೆ ಮಾಡಿಸಿ. ಪಿಪಿಐ ನಿಲ್ಲಿಸುವ ಮೊದಲು ವೈದ್ಯರನ್ನು ಕೇಳಿ. ರಕ್ತದ ಆ್ಯಂಟಿಬಾಡಿ ಪರೀಕ್ಷೆ ಇದಕ್ಕೆ ಆಗದು, ಸೋಂಕು ಹೋದ ಮೇಲೂ ಬಹುಕಾಲ ಪಾಸಿಟಿವ್ ತೋರಿಸುತ್ತದೆ. ಹುಣ್ಣು ಜಠರದಲ್ಲೇ ಇದ್ದರೆ, ಅದು ಮಾಯಿತೇ ಎಂದು ನೋಡಲು ಎಂಡೋಸ್ಕೋಪಿಯನ್ನೂ ಮತ್ತೆ ಮಾಡಿಸಬೇಕಾಗಬಹುದು. ಕೆಲವು ಕ್ಯಾನ್ಸರ್‌ಗಳು ಮೊದಲಿಗೆ ಸಾಧಾರಣ ಹುಣ್ಣಿನಂತೆಯೇ ಕಾಣುತ್ತವೆ.